ಹೂಳೆತ್ತುವ ಹಡಗಿಗೊಂದು ಆಟದ ಕಂಪ್ಯೂಟರ್

ಫೆಬ್ರವರಿ ೩

ಅತ್ತೆಗೆ ನಮಸ್ಕಾರಗಳು.

ನಾನು ಶಾಲೆ ಬಿಟ್ಟು ಎರಡು ವರ್ಷವಾಯಿತು. ನಿಮಗೆ ಹೇಳಿರಲಿಲ್ಲ. "ಅಕ್ಕ ನೀರಿನ ಮೇಲೆ ಕೂತಿದ್ದಾಳೆ, ಅಲ್ಲಿ ಇದನ್ನ ಹಚ್ಚಿಕೊಂಡು ಕೊರಗೋದು ಬೇಡ" ಎಂದರು ಅಪ್ಪ. ನನಗೂ ಅದೇ ಅನುಕೂಲವಾಗಿತ್ತು. ನಿಮ್ಮ ಪ್ರತಿ ಕಾಗದದ ಕೊನೆಯಲ್ಲಿ "ಚೆನ್ನಾಗಿ ಓದು" ಎಂದಿರುತ್ತಿತ್ತು. ಅದಕ್ಕೆ ಉತ್ತರವಾಗಿ ನಾನು "ಇಲ್ಲಿ ಸೆಕೆ ಜಾಸ್ತಿ" ಎಂದೋ "ಅಪ್ಪನ ಕೆಮ್ಮು ವಾಸಿಯಾಗಿದೆ" ಎಂದೋ ಬರೆಯುತ್ತಿದ್ದೆ. ಸುಳ್ಳು ಬರೆಯಲಿಲ್ಲ, ನಿಜವನ್ನೂ ಬರೆಯಲಿಲ್ಲ.

ಈಗ ಹೇಳುವುದಕ್ಕೆ ಕಾರಣ ನಿಮ್ಮ ಹೋದ ವಾರದ ಕಾಗದ. ಹಡಗಿನವರೆಲ್ಲ ದುಡ್ಡು ಹಾಕಿ ಊಟದ ಕೋಣೆಗೆ ಆಟ ಆಡುವ ಕಂಪ್ಯೂಟರ್ ತರಿಸಬೇಕೆಂದಿದ್ದೀರಿ. "ನನ್ನ ತಮ್ಮನ ಮಗ ಅದನ್ನೇ ಓದುತ್ತಿದ್ದಾನೆ, ಬಿಡಿ ಸಾಮಾನು ಆರಿಸಿ ಅವನೇ ಜೋಡಿಸಿ ಕೊಡುತ್ತಾನೆ" ಎಂದು ಎಲ್ಲರ ಮುಂದೆ ಮಾತು ಕೊಟ್ಟಿದ್ದೀರಿ. ನಾನು ಅದನ್ನು ಓದುತ್ತಿಲ್ಲ. ಏನನ್ನೂ ಓದುತ್ತಿಲ್ಲ. ಅಷ್ಟು ಜನರ ಸಂಬಳದ ದುಡ್ಡು ಸುಳ್ಳು ನಂಬಿಕೆಯ ಮೇಲೆ ನನ್ನ ಕೈಗೆ ಬರುವುದು ಬೇಡ.

ಶಾಲೆ ಬಿಡಲು ದೊಡ್ಡ ಕಾರಣವೇನೂ ಇರಲಿಲ್ಲ. ಮೇಷ್ಟ್ರು ಹೊಡೆಯಲಿಲ್ಲ, ಫೀಸಿಗೆ ತೊಂದರೆ ಇರಲಿಲ್ಲ. ಬೆಂಚಿನ ಮೇಲೆ ಕೂತರೆ ನನ್ನ ಕಾಲು ತಾನಾಗಿಯೇ ಕುಣಿಯುತ್ತದೆ, ಪಕ್ಕದವನ ಬರಹ ಕೆಡುತ್ತದೆ. ಆಮೇಲೆ ಸೈಕಲ್ ಅಂಗಡಿಗೆ ಹೋದೆ, ಪ್ರಿಂಟಿಂಗ್ ಪ್ರೆಸ್ಸಿಗೆ ಹೋದೆ, ಔಷಧಿ ಅಂಗಡಿಯ ಡೆಲಿವರಿಗೆ ಹೋದೆ. ಅಪ್ಪನ ಜೊತೆ ಬಸ್ಸಿನ ಸೀಟು ಹೊಲಿಯಲು ಹೋದರೆ ಅಲ್ಲಿಯೂ ದಿನವಿಡೀ ಕೂರಬೇಕು. ಯಾವುದರಲ್ಲೂ ನಿಲ್ಲಲಿಲ್ಲ. ಈಗ ಹಳೆಯ ಕಂಪ್ಯೂಟರ್ ಕೊಂಡು, ಸರಿಮಾಡಿ, ಮಾರುವ ಅಂಗಡಿಯಲ್ಲಿದ್ದೇನೆ. ಇಷ್ಟು ದಿನ ನಿಂತದ್ದು ಇಲ್ಲೇ. ಒಂದು ಕಂಪ್ಯೂಟರಿನ ಮುಚ್ಚಳ ಬಿಚ್ಚಿದರೆ ನನ್ನ ಕಾಲು ಸುಮ್ಮನಾಗುತ್ತದೆ. ಯಾಕೆಂದು ಗೊತ್ತಿಲ್ಲ.

ಅತ್ತೆ, ಹಿಡಿದ ಕೆಲಸವನ್ನು ನಾನು ಇದುವರೆಗೆ ಮುಗಿಸಿದ್ದಿಲ್ಲ. ಇದನ್ನು ಮುಗಿಸುತ್ತೇನೆ ಅನ್ನಿಸುತ್ತದೆ, ಆದರೆ ಅನ್ನಿಸುವುದು ಬೇರೆ. ದುಡ್ಡು ಹಾಕಿದವರೆಲ್ಲರ ಎದುರು ಈ ಕಾಗದವನ್ನು ಗಟ್ಟಿಯಾಗಿ ಓದಿ. ಆಮೇಲೂ ಅವರು ಹೂಂ ಎಂದರೆ ಮಾತ್ರ ಕಳಿಸಿ. ನಮ್ಮತ್ತೆ ಗುಂಡಿ ಒತ್ತಿದರೆ ಸಮುದ್ರದ ತಳವೇ ಎದ್ದು ಬರುತ್ತದೆ ಎಂದು ಗೆಳೆಯರ ಮುಂದೆ ಜಂಬ ಕೊಚ್ಚಿಕೊಂಡು ಬೆಳೆದವನು ನಾನು. ನಿಮ್ಮ ಮಾತು ನನ್ನಿಂದ ಹೋಗಬಾರದು.

ಇಂತಿ,
ಪಾದರಸ


ಫೆಬ್ರವರಿ ೧೯

ಪಾದರಸನಿಗೆ ಆಶೀರ್ವಾದಗಳು.

ಉಭಯ ಕುಶಲೋಪರಿ ಎಂದು ಬರೆದು ಅಭ್ಯಾಸ. ಈ ಸಲ ನನ್ನ ಕಡೆ ಕುಶಲಕ್ಕಿಂತ ಸಿಟ್ಟು ಹೆಚ್ಚು. ಅರ್ಧ ನಿನ್ನ ಮೇಲೆ, ಅರ್ಧ ನಿಮ್ಮಪ್ಪನ ಮೇಲೆ. ಅವನಿಗೆ ಬೇರೆ ಕಾಗದ ಹಾಕಿದ್ದೇನೆ. ಅದನ್ನು ನೀನು ಒಡೆದು ಓದಬೇಡ.

ನೀನು ಹೇಳಿದಂತೆ ಊಟದ ಹೊತ್ತಿಗೆ ನಿಂತುಕೊಂಡು ಓದಿದೆ. ಮಧ್ಯದಲ್ಲಿ ಒಮ್ಮೆ ನೀರು ಕುಡಿದು ಮುಂದುವರಿಸಿದೆ. ಓದಿ ಮುಗಿಸಿ ಕಾಗದ ಮಡಚಿದೆ. ಮೊದಲು ಬಾಯಿ ಬಿಟ್ಟವನು ನಮ್ಮ ಅಡುಗೆಯವನು.

"ಓದು ಬಿಟ್ಟವನ ಕೈಗೆ ನಮ್ಮ ದುಡ್ಡಾ?"

"ನೀನೇನು ಓದಿ ಕಡಿದು ಕಟ್ಟೆ ಹಾಕಿದ್ದೀಯ ಮಹರಾಯ? ಉಪ್ಪಿನ ಡಬ್ಬಿ ಮೇಲೆ ಸಕ್ಕರೆ ಅಂತ ಬರೆದಿಟ್ಟವನು" ಎಂದರು ಲೈಟ್ ಮಾಸ್ತರು. ಹಡಗಿನ ವೈರಿಂಗ್, ಮೋಟಾರು ಎಲ್ಲ ಇವರದೇ.

"ಅದು ಇರುವೆಗೆ ಮೋಸ ಮಾಡೋಕೆ."

"ಇರುವೆ ಓದುತ್ತಾ?"

ಇಂಜಿನ್ ಅಜ್ಜ ಅಷ್ಟು ಹೊತ್ತೂ ತಟ್ಟೆ ನೋಡುತ್ತಿದ್ದ. ಇಂಜಿನ್ ಕೋಣೆಯಲ್ಲೇ ಹಣ್ಣಾದವನು, ನಮಗೆಲ್ಲ ಹಿರಿಯ. "ಹುಡುಗ ತನ್ನ ಮೇಲೆ ತಾನೇ ದೂರು ಬರೆದು ಕಳಿಸಿದ್ದಾನೆ. ಅಂಥವನು ಬಿಲ್ಲಲ್ಲಿ ಕೈಯಾಡಿಸ್ತಾನಾ? ಕಳಿಸ್ರಪ್ಪ ದುಡ್ಡು" ಎಂದ. ಕೈ ಎತ್ತಿಸಿದೆವು. ಅಡುಗೆಯವನು ಕೊನೆಗೆ ಎತ್ತಿದ, ಅದೂ ಸೌಟು ಹಿಡಿದ ಕೈಯನ್ನು.

ಹಣ, ನಮಗೆ ಎಣ್ಣೆ, ಟಪಾಲು ತರುವ ಎಣ್ಣೆ ದೋಣಿಯವರ ಕೈಯಲ್ಲಿ ದಡಕ್ಕೆ ಹೋಗಿದೆ, ನಿನಗೆ ಸೇರುತ್ತದೆ. ಹೆಚ್ಚೇನೂ ಇಲ್ಲ, ಅದರಲ್ಲೇ ಸುಧಾರಿಸಬೇಕು. ಇಲ್ಲಿ ಇಂಟರ್ನೆಟ್ ಇಲ್ಲವೆಂದು ನಿನಗೆ ಗೊತ್ತು, ಇದ್ದಿದ್ದರೆ ಹೀಗೆ ಕಾಗದ ಬರೆಯುತ್ತಿರಲಿಲ್ಲ. ಹಡಗು ಸದಾ ನಡುಗುತ್ತದೆ, ಟೇಬಲ್ ಮೇಲಿಟ್ಟ ಲೋಟ ತಾನಾಗಿ ನಡೆದು ಅಂಚಿಗೆ ಬರುತ್ತದೆ. ಕರೆಂಟಿಗೆ ಮಾತ್ರ ಬರವಿಲ್ಲ. ನಮ್ಮದೇ ಜನರೇಟರು, ಮೀಟರ್ ಓದುವವರಿಲ್ಲ. ಎಷ್ಟು ಕುಡಿಯುವ ಯಂತ್ರವಾದರೂ ತಾ.

ಓದುವ ವಿಷಯ ಇನ್ನು ಬರೆಯುವುದಿಲ್ಲ. ಊಟ ಸರಿಯಾಗಿ ಮಾಡು.

ನಿನ್ನ ಅತ್ತೆ


ಮಾರ್ಚ್ ೫

ಅತ್ತೆಗೆ ನಮಸ್ಕಾರಗಳು.

ಹಣ ಬಂತು. ಅಜ್ಜನಿಗೆ ನನ್ನ ನಮಸ್ಕಾರ ತಿಳಿಸಿ. ಸೌಟಿನ ಕೈಗೂ ತಿಳಿಸಿ.

ಸಾಮಾನು ಆರಿಸುವ ಕೆಲಸ ಅರ್ಧಕ್ಕಿಂತ ಹೆಚ್ಚು ಮುಗಿದಿದೆ. ಅಪ್ಪನಿಗೆ ರೆಕ್ಸಿನ್ ಸಾಲದೆ ಬಂದರೆ ಜನ ಕೂರುವ ಕಡೆ ಹೊಸದನ್ನು ಹಾಕಿ, ಭಾರ ಬೀಳದ ಹಿಂಬದಿಗೆ ಹಳೆಯದನ್ನು ಹೊಲಿಯುತ್ತಾರೆ. ನಾನೂ ಹಾಗೆಯೇ ಮಾಡುತ್ತಿದ್ದೇನೆ. ಹೊರಗಿನ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್, ಹಳೆಯದು. ಒಂದು ಮೂಲೆ ಜಜ್ಜಿದೆ, ಗಟ್ಟಿಯಾಗಿದೆ. ಪರದೆ ಹಳೆಯದು, ಆದರೆ ದೊಡ್ಡದು. ಕೀಬೋರ್ಡ್ ಹಳೆಯದು, ತೊಳೆದು ಒಣಗಿಸಿದ್ದೇನೆ. ಪ್ರೊಸೆಸರ್ ಮುಚ್ಚಿಹೋದ ಕಚೇರಿಯೊಂದರಿಂದ ಬಂದದ್ದು. ದಿನವಿಡೀ ಲೆಕ್ಕ ಹಾಕಿ ಬೇಸತ್ತಿದ್ದರೂ ಅದಕ್ಕಿನ್ನೂ ವಯಸ್ಸಾಗಿಲ್ಲ. ಅದು ಕೂರುವ ಹಲಗೆ, ಅಂದರೆ ಮದರ್‌ಬೋರ್ಡಿನ ಸೂಜಿಗಳನ್ನು ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡಿದೆ, ಒಂದೂ ಬಗ್ಗಿಲ್ಲ. ಕರೆಂಟನ್ನು ಒಳಗಿನ ಎಲ್ಲಕ್ಕೂ ಹಂಚುವ ಎಸ್‌ಎಂಪಿಎಸ್ ಮಾತ್ರ ಹೊಚ್ಚ ಹೊಸದು. ಅದರಲ್ಲಿ ಜಿಪುಣತನ ಮಾಡಿದರೆ ಮಿಕ್ಕದ್ದನ್ನೆಲ್ಲ ಸುಟ್ಟು ಸೇಡು ತೀರಿಸಿಕೊಳ್ಳುತ್ತದೆ.

ಲೋಟ ನಡೆಯುವ ಮಾತು ಬರೆದದ್ದು ಒಳ್ಳೆಯದಾಯಿತು. ಒಳಗೆ ಚಕ್ರ ತಿರುಗುವ ಹಳೇ ಬಗೆಯ ಡಿಸ್ಕ್ ಆ ನಡುಕಕ್ಕೆ ಬಾಳುವುದಿಲ್ಲ. ಅದನ್ನು ಬಿಟ್ಟು ಅಲುಗಾಡುವ ಭಾಗವೇ ಇಲ್ಲದ ಎಸ್‌ಎಸ್‌ಡಿ ತೆಗೆದುಕೊಂಡೆ.

ಈಗ ಮುಖ್ಯ ವಿಷಯ. ಆಟದಲ್ಲಿ ಪರದೆಯ ಮೇಲೆ ಕಾಣುವುದನ್ನೆಲ್ಲ ಬಿಡಿಸುವುದು ಗ್ರಾಫಿಕ್ ಕಾರ್ಡ್. ಒಬ್ಬರು ಮಾರಲು ತಂದಿದ್ದರು. ಮೂರು ಫ್ಯಾನಿನದು, ನನ್ನ ಮೊಳಕೈಯಿಂದ ಮಣಿಕಟ್ಟಿನಷ್ಟು ಉದ್ದ. ನಮ್ಮ ಅಂಗಡಿಗೆ ಅಂಥದ್ದು ಬಂದೇ ಇರಲಿಲ್ಲ. ಉಳಿದ ಹಣದಲ್ಲಿ ಹೆಚ್ಚಿನ ಪಾಲು ಅದಕ್ಕೇ ಹೋಯಿತು. ನೀವೇ ಬರೆದಿದ್ದೀರಲ್ಲ, ಎಷ್ಟು ಕುಡಿದರೂ ಪರವಾಗಿಲ್ಲವೆಂದು. ಇದು ಚೆನ್ನಾಗಿ ಕುಡಿಯುತ್ತದೆ. ಹಾಕಿ ನೋಡಿದೆ. ಆಟದಲ್ಲಿ ಒಂದು ಕೆರೆ ಬಂತು, ಅದರ ನೀರಿನಲ್ಲಿ ಮೋಡ ಸರಿಯುವುದು ಕಾಣುತ್ತಿತ್ತು. ಆಡುವುದನ್ನೇ ಬಿಟ್ಟು ಆ ನೀರನ್ನು ನೋಡುತ್ತ ನಿಂತೆ.

ಅಂಗಡಿಯ ಯಜಮಾನರು ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ಯಾರಿಗೋ ಇದು?"

"ಹಡಗಿನವರಿಗೆ."

"ಹಡಗಿನವರು ಕೇಳಿದ್ರಾ, ನೀನು ಕೇಳಿದ್ಯಾ?"

ಅವರ ಮಾತು ಯಾವಾಗಲೂ ಹೀಗೆ ಅಡ್ಡಡ್ಡ. ನಾನು ಆಟ ಮುಚ್ಚಿ ಬೇರೆ ಕೆಲಸಕ್ಕೆ ಹೋದೆ.

ನನಗೆ ಬೇಕಾದ ಮಾಹಿತಿ: ಟೇಬಲ್ ಎಷ್ಟು ಅಗಲ, ಪ್ಲಗ್ ಎಷ್ಟು ದೂರ, ಜನ ಎಲ್ಲಿ ಕೂರುತ್ತಾರೆ, ಏನು ಆಡುತ್ತಾರೆ. ಸದ್ಯ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಒಂದು ತೆಗೆದಿದ್ದೇನೆ.

ಪಾದರಸ


ಮಾರ್ಚ್ ೨೪

ಪಾದರಸನಿಗೆ ಆಶೀರ್ವಾದಗಳು.

ನಿನ್ನ ಕಾಗದ ಈಗ ನನ್ನ ಸ್ವತ್ತಲ್ಲ. ಎಣ್ಣೆ ದೋಣಿ ಬಂದ ಕೂಡಲೆ "ಏನು ಬರೆದಿದ್ದಾನೆ" ಎಂದು ಎಲ್ಲರೂ ಮುತ್ತಿಕೊಳ್ಳುತ್ತಾರೆ. ಕೆರೆಯಲ್ಲಿ ಮೋಡ ಕಾಣುತ್ತದೆ ಎಂದು ಓದಿದಾಗ ಅಡುಗೆಯವನು ಕಿಟಕಿಯ ಕಡೆ ಕೈ ತೋರಿಸಿ, "ಇಷ್ಟು ನೀರು ಸಾಲದೇನೋ ಅವನಿಗೆ" ಎಂದ. ಆದರೂ ಆ ಭಾಗವನ್ನು ಅವನೇ ಎರಡನೆಯ ಸಲ ಓದಿಸಿದ. ಕಚೇರಿಯಲ್ಲಿ ಬೇಸತ್ತ ಪ್ರೊಸೆಸರ್ ಇಂಜಿನ್ ಅಜ್ಜನಿಗೆ ಬಹಳ ಹಿಡಿಸಿತು. "ಅದಕ್ಕೂ ಗಾಳಿ ಬದಲಾವಣೆ ಬೇಕಿತ್ತು" ಎನ್ನುತ್ತಾನೆ.

ಲೈಟ್ ಮಾಸ್ತರು ಟೇಪು ಹಿಡಿದು ಅಳೆದ ಅಳತೆಯೆಲ್ಲ ಬೇರೆ ಚೀಟಿಯಲ್ಲಿದೆ. ಟೇಬಲ್ ಉದ್ದ, ಎರಡೂ ಕಡೆ ಬೆಂಚು. ಹಿಂದೆ ಅದರ ಮೇಲೆ ಜಾಗ ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಕೂರುತ್ತಿದ್ದರು, ಈಗ ಹಾಗೇನಿಲ್ಲ. ಪ್ಲಗ್ ಬೆಂಚಿನ ಹಿಂದೆಯೇ ಇದೆ.

ಏನು ಆಡುತ್ತೇವೆಂದು ಕೇಳಿದ್ದೀಯ. ಸದ್ಯಕ್ಕೆ ಇಸ್ಪೀಟು. ಅದೂ ಮೂರು ನಾಲ್ಕು ಜನ. ಆದರೆ ನಿಯಮ ಕಟ್ಟುನಿಟ್ಟು. ಹೂಳೆತ್ತುವ ಪಂಪು ಶುರುವಾಗುವ ಗಂಟೆ ಹೊಡೆಯಿತೆಂದರೆ ಎಲ್ಲರೂ ಎಲೆ ಕವುಚಿಟ್ಟು ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಳ್ಳಬೇಕು. ಮೊನ್ನೆ ಅಡುಗೆಯವನು ಒಂದೇ ಕೈ ಇಟ್ಟುಕೊಂಡಿದ್ದ. ಅಜ್ಜ ಬಿಡಲಿಲ್ಲ. "ಇನ್ನೊಂದು ಕೈ ಎಲ್ಲಿ?" "ತುರಿಸಿಕೊಳ್ತಿದ್ದೆ." "ಎಲ್ಲಿ, ರಾಜನ ಬೆನ್ನಾ?" ಆ ದಿನ ಅವನಿಗೆ ಎಲೆ ಹಂಚಲಿಲ್ಲ, ಅವನು ನಮಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ಕಂಟ್ರೋಲರ್ ಒಂದೇ ಸಾಕೇ? ನೀನು ಯೋಚಿಸಿಯೇ ಇರುತ್ತೀಯ. ಆ ದೊಡ್ಡ ಕಾರ್ಡಿನ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಮಾತಾಡಿಕೊಳ್ಳುತ್ತಿದ್ದೇವೆ.

ನಿನ್ನ ಅತ್ತೆ


ಏಪ್ರಿಲ್ ೨

ಅತ್ತೆಗೆ ನಮಸ್ಕಾರಗಳು.

ಪಂಪು ಶುರುವಾದಾಗ ಕೈಯನ್ನು ತಲೆಯ ಮೇಲೆ ಯಾಕೆ ಇಟ್ಟುಕೊಳ್ಳುತ್ತೀರಿ?

ನಿಮ್ಮ ಕಾಗದವನ್ನು ನಗುತ್ತಲೇ ಓದಿದೆ, ಯಜಮಾನರಿಗೂ ಓದಿ ಹೇಳಿದೆ. ಅವರು ನಗಲಿಲ್ಲ. "ಎಲೆ ಯಾಕೋ ಕವುಚಿಡ್ತಾರೆ?" ಎಂದು ಕೇಳಿದರು. ಆಗಿನಿಂದ ನನ್ನ ಕಾಲು ಮತ್ತೆ ಕುಣಿಯುತ್ತಿದೆ. ಉತ್ತರ ಬರುವ ತನಕ ಯಾವ ಸಾಮಾನನ್ನೂ ಕೊಳ್ಳುವುದಿಲ್ಲ.

ಪಾದರಸ


ಏಪ್ರಿಲ್ ೧೩

ಪಾದರಸನಿಗೆ ಆಶೀರ್ವಾದಗಳು.

ದೀಪ ಹೋಗುತ್ತದಲ್ಲ, ಅದಕ್ಕೆ.

ಇಷ್ಟು ಬರೆದ ಮೇಲೆ ನನಗೇ ಹೊಳೆಯಿತು, ಎದ್ದು ಹೋಗಿ ಲೈಟ್ ಮಾಸ್ತರನ್ನು ಕರೆದೆ. ಹೂಳೆತ್ತುವ ಪಂಪು ದೊಡ್ಡದು. ಅದು ಎದ್ದು ನಿಲ್ಲುವಾಗ ಜನರೇಟರಿನ ಜೀವವನ್ನೆಲ್ಲ ಒಂದು ಗುಟುಕಿಗೆ ಎಳೆದುಕೊಳ್ಳುತ್ತದೆ. ಊಟದ ಕೋಣೆಯ ದೀಪಗಳು ಆರಿದಂತಾಗಿ ಮತ್ತೆ ಹತ್ತುತ್ತವೆ. ಆ ಕತ್ತಲಲ್ಲಿ ಯಾರೋ ಹಿಂದೊಮ್ಮೆ ಎಲೆ ಬದಲಾಯಿಸಿದ್ದರು, ಆಗಿನಿಂದ ಕೈ ತಲೆಯ ಮೇಲೆ. ದಿನಕ್ಕೆ ಹಲವು ಸಲ ಆಗುವ ಮಾತು. ನಮ್ಮ ಕಣ್ಣಿಗೆ ಅದು ಕಾಣುವುದೂ ಇಲ್ಲ, ಕೈ ತಾನಾಗಿ ಮೇಲೆ ಹೋಗುತ್ತದೆ. ಕರೆಂಟಿಗೆ ಬರವಿಲ್ಲವೆಂದು ನಿನಗೆ ಬರೆದವಳು ನಾನು. ನನ್ನ ಪಾಳಿಯಲ್ಲಿ ಆ ಗುಂಡಿಯನ್ನು ಒತ್ತುವವಳೂ ನಾನೇ.

ಲೈಟ್ ಮಾಸ್ತರ ಮುಖ ನೋಡಲಾಗುವುದಿಲ್ಲ. "ಬಲ್ಬಿಗೆ ಏನೂ ಆಗಲ್ಲ, ಪಂಪಿಗೆ ಏನೂ ಆಗಲ್ಲ, ಅಂತ ನಾನು ಅದನ್ನ ಲೆಕ್ಕಕ್ಕೇ ಇಟ್ಟಿರಲಿಲ್ಲ. ಅಷ್ಟು ದೂರದಲ್ಲಿ ಕೂತ ಹುಡುಗ ಇಸ್ಪೀಟಿನಿಂದ ಹಿಡಿದುಬಿಟ್ಟ" ಎನ್ನುತ್ತಾರೆ. ಕಂಪ್ಯೂಟರ್ ಆ ಹೊತ್ತಿಗೆ ಆರಿ ಹೋಗುತ್ತದೆಯಂತೆ, ಹೌದೇ?

ಇನ್ನೊಂದು ವಿಷಯ ನಿನಗೆ ಬರೆದಿರಲಿಲ್ಲ. ಆಟ ಯಾವುದಾದರೂ ನಮಗೆ ಅಷ್ಟು ಮುಖ್ಯವಲ್ಲ. ಈಗ ಪಾಳಿ ಮುಗಿದರೆ ಒಬ್ಬೊಬ್ಬರೂ ತಟ್ಟೆ ಎತ್ತಿಕೊಂಡು ತಮ್ಮ ತಮ್ಮ ಮಲಗುವ ಗೂಡಿಗೆ ಹೋಗುತ್ತಾರೆ, ಪರದೆ ಎಳೆದುಕೊಂಡು ಫೋನಿನಲ್ಲಿ ತುಂಬಿಸಿ ತಂದ ಸಿನಿಮಾ ನೋಡುತ್ತಾರೆ. ಮಾತೇ ಇಲ್ಲ. ಹೊಸದಾಗಿ ಬಂದ ಇಬ್ಬರು ಹುಡುಗಿಯರ ದನಿ ಹೇಗಿದೆಯೆಂದು ನನಗೆ ಇನ್ನೂ ಸರಿಯಾಗಿ ಗೊತ್ತಿಲ್ಲ. ಎಲ್ಲರೂ ಒಂದು ಪರದೆಯ ಮುಂದೆ ಕೂತು ಒಬ್ಬರನ್ನೊಬ್ಬರು ಬೈದುಕೊಂಡರೆ ಸಾಕು ಎಂದು ಇದನ್ನೆಲ್ಲ ಎಬ್ಬಿಸಿದೆ.

ಮಗಾ, ಆಗದಿದ್ದರೆ ಬಿಟ್ಟುಬಿಡು. ಉಳಿದಷ್ಟು ಹಣ ವಾಪಸು ಕಳಿಸಿದರೂ ಇಲ್ಲಿ ಯಾರೂ ನಿನ್ನನ್ನು ಅನ್ನುವುದಿಲ್ಲ. ತಪ್ಪು ನಮ್ಮದು.

ನಿನ್ನ ಅತ್ತೆ


ಮೇ ೧

ಅತ್ತೆಗೆ ನಮಸ್ಕಾರಗಳು.

ಬಿಡುವುದಿಲ್ಲ.

ನಿಮ್ಮ ಕಾಗದ ಓದಿ ನೇರವಾಗಿ ಪಕ್ಕದ ಬಡಗಿಯ ಹತ್ತಿರ ಹೋದೆ. ಅವರ ದೊಡ್ಡ ಗರಗಸ ಶುರುವಾದಾಗಲೆಲ್ಲ ನಮ್ಮ ಅಂಗಡಿಯ ದೀಪ ಕಣ್ಣು ಮಿಟುಕಿಸುತ್ತದೆ. ನಾನೂ ಅದನ್ನು ಇಷ್ಟು ದಿನ ನೋಡಿಯೂ ನೋಡಿರಲಿಲ್ಲ, ಆದ್ದರಿಂದ ಲೈಟ್ ಮಾಸ್ತರಿಗೆ ಬೇಸರ ಬೇಡವೆಂದು ಹೇಳಿ. ಕಂಪ್ಯೂಟರನ್ನು ಅವರ ಮೀಟರಿನ ಲೈನಿಗೇ ಹಾಕಿದೆ.

"ಇವತ್ತು ಮರ ಇಲ್ಲ ಕಣಪ್ಪ" ಎಂದರು.

"ಮರ ಬೇಡ. ಸುಮ್ಮನೆ ಗರಗಸ ಶುರು ಮಾಡಿ, ನಿಲ್ಲಿಸಿ, ಮತ್ತೆ ಶುರು ಮಾಡಿ."

"ಸುಮ್ಮನೆ ಗರಗಸ ತಿರುಗಿಸೋಕೆ ನನಗೇನು ಹುಚ್ಚಾ?"

"ನನಗೆ ಅಂತ ತಿಳ್ಕೊಳ್ಳಿ."

ಪರದೆಯ ಮೇಲೆ ಆ ಕೆರೆ ಇತ್ತು. ಗರಗಸ ಗುಂಯ್ ಎಂದಿತು, ಕೆರೆ ಹೋಯಿತು, ಕಂಪ್ಯೂಟರ್ ಮೊದಲಿನಿಂದ ಶುರುವಾಯಿತು. ಪ್ರತಿ ಸಲವೂ ಅದೇ ಕತೆ. ಇದಕ್ಕೆ ಮದ್ದು ಯುಪಿಎಸ್. ಅದೊಂದು ಬ್ಯಾಟರಿ ಪೆಟ್ಟಿಗೆ, ಕರೆಂಟು ಎಡವಿದಾಗ ಕ್ಷಣ ಹೊತ್ತು ತಾನು ಭಾರ ಹೊರುತ್ತದೆ. ಉಳಿದ ಹಣಕ್ಕೆ ಸಿಗುವ ಚಿಕ್ಕದನ್ನು ತಂದು ಮಧ್ಯೆ ಹಾಕಿದೆ. ಗರಗಸ ತಿರುಗಿತು. ಯುಪಿಎಸ್ ಕೀಂ ಎಂದು ಕಿರುಚಿ ಅದೂ ಮಲಗಿತು. ಆ ಮೂರು ಫ್ಯಾನಿನ ಕಾರ್ಡಿನ ಹಸಿವನ್ನು ಅಷ್ಟು ಚಿಕ್ಕ ಪೆಟ್ಟಿಗೆ ತಡೆಯಲಾರದು. ತಡೆಯುವಂಥದ್ದು ಬೇಕೆಂದರೆ ಇನ್ನೊಂದು ಕಾರ್ಡಿನಷ್ಟು ದುಡ್ಡು.

ಕಾರ್ಡನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಯಜಮಾನರು ಕೇಳಿದ್ದ ಅಡ್ಡ ಮಾತು ಆಗ ಅರ್ಥವಾಯಿತು. ಅತ್ತೆ, ಅದನ್ನು ನಾನು ನಿಮಗಾಗಿ ಆರಿಸಿರಲಿಲ್ಲ. ನನ್ನ ಕಣ್ಣಿಗಾಗಿ ಆರಿಸಿದ್ದೆ. ಅಂಥ ಕಾರ್ಡನ್ನು ನನ್ನ ಕೈಯಿಂದ ಒಂದು ಸಲವಾದರೂ ಜೋಡಿಸಬೇಕೆಂಬ ಆಸೆ ಇತ್ತು, ನಿಮ್ಮ ದುಡ್ಡು ಸಿಕ್ಕಿತು. ಇದನ್ನೂ ಗಟ್ಟಿಯಾಗಿಯೇ ಓದಿ.

ಅದನ್ನು ಮಾರಿದೆ. ಗರಗಸದ ಲೈನಿನಲ್ಲಿ ಹಲವು ಸಲ ಆರಿ ಹತ್ತಿದೆಯೆಂದು ಮೇಲೆ ಚೀಟಿ ಅಂಟಿಸಿದ್ದರಿಂದ ನೋಡಿದವರೆಲ್ಲ ನಗುತ್ತ ಹೋದರು. "ಚೀಟಿ ತೆಗಿಯೋ, ಹೋಗುತ್ತೆ" ಎಂದರು ಯಜಮಾನರು. ತೆಗೆಯಲಿಲ್ಲ. ಕೊನೆಗೆ ಒಬ್ಬರು ಕೊಂಡರು, ಕೊಟ್ಟಿದ್ದಕ್ಕಿಂತ ಸ್ವಲ್ಪ ಕಡಿಮೆಗೆ. ಆ ಕಡಿಮೆಯನ್ನು ನನ್ನ ಸಂಬಳದಿಂದ ಸೇರಿಸಿದ್ದೇನೆ. ಇದರ ಬಗ್ಗೆ ಚರ್ಚೆ ಬೇಡ.

ಈಗಿರುವ ಕಾರ್ಡ್ ಅಂಗೈಯಗಲ, ಫ್ಯಾನು ಒಂದೇ. ಬೇರೆ ವೈರನ್ನೂ ಕೇಳುವುದಿಲ್ಲ, ಮದರ್‌ಬೋರ್ಡಿನಿಂದಲೇ ತನಗೆ ಬೇಕಾದಷ್ಟು ತೆಗೆದುಕೊಳ್ಳುತ್ತದೆ. ಹಗುರವಾದ್ದರಿಂದ ನಡುಕಕ್ಕೆ ಜೋತು ಬೀಳುವುದಿಲ್ಲ. ಉಳಿದ ಹಣದಲ್ಲಿ ಇನ್ನೂ ಮೂರು ಕಂಟ್ರೋಲರ್ ಬಂದವು. ನಾಲ್ಕು ಜನ ಒಟ್ಟಿಗೆ ಆಡಬಹುದು, ಪರದೆ ನಾಲ್ಕು ಪಾಲಾಗುತ್ತದೆ. ಸೋತವರು ಮುಂದಿನವರಿಗೆ ಕೊಡಬೇಕು. ಕಾಯುವವರು ಬೈಯುತ್ತಲೇ ಇರುತ್ತಾರೆ, ನೋಡಿ.

ಏನೇನು ಇರುವುದಿಲ್ಲ ಎಂಬುದನ್ನೂ ಹೇಳುತ್ತೇನೆ. ನೀರಿನಲ್ಲಿ ಮೋಡ ಕಾಣುವುದಿಲ್ಲ. ಮರಗಳ ನೆರಳು ಒರಟು. ದೂರದ ಬೆಟ್ಟ ಸ್ವಲ್ಪ ಮಬ್ಬು. ಆದರೆ ಬಡಗಿ ಗರಗಸ ತಿರುಗಿಸಿದಾಗ ಯುಪಿಎಸ್ ಟಕ್ ಎಂದಿತು, ಆಟ ನಿಲ್ಲಲಿಲ್ಲ. ಅವರಿಗೆ ನಂಬಿಕೆ ಬರದೆ ತಾವಾಗಿಯೇ ಇನ್ನೊಮ್ಮೆ ತಿರುಗಿಸಿದರು. ಆಮೇಲೆ ಗರಗಸ ನಿಲ್ಲಿಸಿ ಬಂದು, "ಎಲ್ಲಿ, ನನಗೊಂದು ಕೊಡು" ಎಂದು ಕಂಟ್ರೋಲರ್ ಕಿತ್ತುಕೊಂಡರು. ಸಂಜೆವರೆಗೂ ಅವರ ಅಂಗಡಿಯಲ್ಲಿ ಸದ್ದಿಲ್ಲ.

ನೀವು ಆ ಇಬ್ಬರು ಹುಡುಗಿಯರ ದನಿಯ ಬಗ್ಗೆ ಬರೆದದ್ದನ್ನು ಎಷ್ಟು ಸಲ ಓದಿದೆನೋ. ಸಮುದ್ರದ ತಳ ಎತ್ತುವವರಿಗೆ ಪಕ್ಕದ ಗೂಡಿನವರ ಚಿಂತೆಯೂ ಇರುತ್ತದೆಂದು ನನಗೆ ತಿಳಿದಿರಲಿಲ್ಲ.

ಪಾದರಸ


ಮೇ ೧೬

ಪಾದರಸನಿಗೆ ಆಶೀರ್ವಾದಗಳು.

ಓದಿದೆ, ಎಲ್ಲವನ್ನೂ ಗಟ್ಟಿಯಾಗಿಯೇ ಓದಿದೆ. ನಿನ್ನ ಕಣ್ಣಿಗಾಗಿ ಆರಿಸಿದ್ದೆ ಎಂಬಲ್ಲಿಗೆ ಬಂದಾಗ ನಿಲ್ಲಿಸೋಣ ಅನ್ನಿಸಿತು. ನಿಲ್ಲಿಸಲಿಲ್ಲ. ಅಡುಗೆಯವನು ಸೌಟು ಕೆಳಗಿಟ್ಟು, "ನಾನು ಅವನ ವಯಸ್ಸಲ್ಲಿ ಯಜಮಾನನ ದುಡ್ಡಲ್ಲಿ ಚಾಕು ಕೊಂಡಿದ್ದೆ. ಇವತ್ತಿನ ತನಕ ಯಾರಿಗೂ ಹೇಳಿರಲಿಲ್ಲ" ಎಂದ. "ಈಗ ಎಲ್ಲರಿಗೂ ಗೊತ್ತಾಯ್ತು, ಸೊಪ್ಪು ಹೆಚ್ಚು ಹೋಗು" ಎಂದ ಅಜ್ಜ. ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳು ನಕ್ಕಳು. ದನಿ ದಪ್ಪ, ಚೆನ್ನಾಗಿದೆ.

ನೀನು ಹಾಕಿದ ದುಡ್ಡಿನ ಬಗ್ಗೆ ಚರ್ಚೆ ಬೇಡ ಎಂದಿದ್ದೀಯ, ಮಾಡಲಿಲ್ಲ. ಎಲ್ಲರೂ ಸೇರಿ ಅಂದಾಜಿನ ಮೇಲೆ ಅಷ್ಟು ಹಣವನ್ನು ನಿನ್ನ ಪ್ರಯಾಣದ ಖರ್ಚಿಗೆಂದು ಎಣ್ಣೆ ದೋಣಿಯವರ ಕೈಗೆ ಕೊಟ್ಟಾಗಿದೆ. ಯಾವ ಪ್ರಯಾಣ ಎಂದು ಕೇಳುತ್ತೀಯ. ಜೂನ್ ಮೊದಲ ವಾರ ಹಡಗು ಬಂದರಿಗೆ ಬರುತ್ತದೆ, ನೀರು ಎಣ್ಣೆ ತುಂಬಿಸಿಕೊಂಡು ಮತ್ತೆ ಹೊರಡುತ್ತದೆ. ಪಾರ್ಸೆಲ್ ಹಾಕಬೇಡ, ಎತ್ತಿ ಬಿಸಾಡುತ್ತಾರೆ. ನೀನೇ ತಾ. ಮಾಸ್ತರು ಕ್ಯಾಪ್ಟನ್ನರ ಹತ್ತಿರ ಮಾತಾಡಿ ಒಪ್ಪಿಗೆ ತೆಗೆದುಕೊಂಡಿದ್ದಾರೆ. ಬಂದರಿನಲ್ಲಿ ಪಂಪು ತಿರುಗಿಸುವುದಿಲ್ಲ, ಆದ್ದರಿಂದ ನೀನು ನಮ್ಮ ಜೊತೆ ಹೊರಗೆ ಬಂದು, ನಾನು ಗುಂಡಿ ಒತ್ತುವಾಗ ಯಂತ್ರದ ಪಕ್ಕ ನಿಂತು ನೋಡಬೇಕಂತೆ. ಉಪ್ಪು ಗಾಳಿಗೆ ಒಳಗೆ ಏನೇನು ಒರೆಸಬೇಕು ಎಂಬುದನ್ನೂ ಮಾಸ್ತರಿಗೆ ಕಲಿಸಿಕೊಡಬೇಕು. ಮುಂದಿನ ಎಣ್ಣೆ ದೋಣಿಯಲ್ಲಿ ವಾಪಸು ಹೋಗಬಹುದು.

ನೀನು ನಿಜ ಬರೆಯುವವನು, ನಾನೂ ಬರೆಯುತ್ತೇನೆ. ನಿನ್ನ ಕಾಗದ ಬಂದಾಗಲೆಲ್ಲ ಒಡೆಯುವ ಮೊದಲು ಬೆರಳಲ್ಲಿ ಒತ್ತಿ ದಪ್ಪ ನೋಡುತ್ತಿದ್ದೆ. ತೆಳ್ಳಗಿದ್ದರೆ ಬಿಟ್ಟುಬಿಟ್ಟಿದ್ದಾನೆ ಎಂದೇ ಲೆಕ್ಕ. ಏಪ್ರಿಲ್‌ನಲ್ಲಿ ಬಂದದ್ದು ಒಂದೇ ಹಾಳೆಯದು. ಒಡೆಯುವ ಮೊದಲೇ ನನ್ನ ಸಂಬಳದಿಂದ ಎಲ್ಲರಿಗೂ ಹೇಗೆ ತೀರಿಸುವುದೆಂದು ಮನಸ್ಸಿನಲ್ಲೇ ಹಂಚಿ ಮುಗಿಸಿದ್ದೆ. ಒಳಗೆ ಇದ್ದದ್ದು ಆ ಒಂದು ಪ್ರಶ್ನೆ. ನಿನ್ನನ್ನು ಚಿಕ್ಕಂದಿನಿಂದ ಪಾದರಸ ಎಂದು ಕರೆದವಳು ನಾನೇ. ನಿಂತಲ್ಲಿ ನಿಲ್ಲದವನು ಒಂದು ಮಾತನ್ನು ಹಿಡಿದು ಅಷ್ಟು ಹೊತ್ತು ನಿಲ್ಲಬಲ್ಲ ಎಂದು ನನಗೆ ಹೊಳೆದಿರಲಿಲ್ಲ.

ಬೆಚ್ಚಗಿನ ಅಂಗಿ ತಾ. ನೀರಿನ ಮೇಲೆ ಗಾಳಿ ಇರುತ್ತದೆ.

ನಿನ್ನ ಅತ್ತೆ


ಜೂನ್ ೧

ಅತ್ತೆಗೆ ನಮಸ್ಕಾರಗಳು.

ಅಂಚೆಗೆ ಹಾಕಿದರೆ ಈ ಕಾಗದ ಸೇರುವ ಮೊದಲೇ ನಾನು ನಿಮ್ಮ ಮುಂದೆ ಇರುತ್ತೇನೆ. ಆದರೂ ಬರೆಯುತ್ತಿದ್ದೇನೆ. ಎದುರಿಗೆ ನಿಂತರೆ ನನಗೆ ಕೆಲವು ಮಾತು ಹೊರಡುವುದಿಲ್ಲ. ಇದನ್ನು ಅಂಚೆಗೆ ಹಾಕದೆ ನಿಮ್ಮ ಕೈಗೇ ಕೊಡುತ್ತೇನೆ, ನಾನು ಆ ಕಡೆ ಹೋದ ಮೇಲೆ ಓದಿ. ಇದೊಂದನ್ನು ಗಟ್ಟಿಯಾಗಿ ಓದಬೇಡಿ.

ಇವತ್ತು ಅಪ್ಪ ಅಂಗಡಿಗೆ ಬಂದಿದ್ದರು. ನಾನು ಸೇರಿದ ಮೇಲೆ ಇದೇ ಮೊದಲ ಸಲ. ಕಂಪ್ಯೂಟರ್ ಸಾಗಿಸುವ ಪೆಟ್ಟಿಗೆಯೊಳಗೆ ಫೋಮ್ ಹಾಕಲು ಅಳತೆ ಬೇಕು ಎಂದರು. ಅಳತೆಯನ್ನು ನಾನು ನಿನ್ನೆಯೇ ಬರೆದುಕೊಟ್ಟಿದ್ದೆ. ನೀವು ಅವರಿಗೆ ಏನು ಬರೆದಿರೋ ಗೊತ್ತಿಲ್ಲ, ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಟೇಪು ಬಿಚ್ಚಿ, ಮಡಚಿ, ಯಂತ್ರದ ಸುತ್ತ ಒಂದು ಸುತ್ತು ಬಂದರು.

"ಇದರೊಳಗೆ ಇರೋದನ್ನೆಲ್ಲ ನೀನೇ ಆರಿಸಿದ್ದಾ?"

"ಹೂಂ. ಒಂದು ತಪ್ಪಾಗಿತ್ತು, ಬದಲಾಯಿಸಿದೆ."

"ತಪ್ಪಾಗಿತ್ತು ಅಂತ ನಾನು ಕೇಳಿದ್ನಾ?"

ಯಜಮಾನರು ಸ್ಟೂಲು ಎಳೆದು ಕೊಟ್ಟರು. ಬಡಗಿ ಹೇಗೂ ಕೂತೇ ಇದ್ದರು. ನಾಲ್ಕು ಜನ ಆದೆವು. ಕಾರು ಓಡಿಸುವ ಆಟ. ಬಸ್ಸಿನ ಸೀಟು ಹೊಲಿದುಕೊಂಡೇ ಬಂದ ಅಪ್ಪ ಇದುವರೆಗೆ ಏನನ್ನೂ ಓಡಿಸಿದವರಲ್ಲ. ಶುರುವಾದ ಕೂಡಲೆ ರಸ್ತೆ ಬಿಟ್ಟು ಇಳಿದು, ಬೇಲಿ ಮುರಿದು, ಸೀದಾ ಕೆರೆಗೆ ಹೋದರು. ಮತ್ತೆ ಹೋದರು. "ಅಣ್ಣಾ, ರಸ್ತೆ ಆ ಕಡೆ" ಎಂದು ಬಡಗಿ ಹೇಳಿದರೆ, "ರಸ್ತೆ ಸರಿಯಿಲ್ಲ" ಎಂದರು. ಅಪ್ಪ ಆಡುವಾಗ ಅವರ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು. ಸ್ಟೂಲಿನ ಜೊತೆ ನೆಲವೂ ಅಲುಗುತ್ತಿತ್ತು. ಅವರು ಅಷ್ಟು ವರ್ಷ ಹೊಲಿಗೆ ಮಿಷಿನ್ ತುಳಿದದ್ದನ್ನು ನೋಡಿಯೂ ನನಗೆ ಇದು ಕಂಡಿರಲಿಲ್ಲ.

ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ಕೆರೆಗೆ ಬಿದ್ದದ್ದನ್ನೆಲ್ಲ ಅಕ್ಕನಿಗೆ ಬರೀಬೇಡ" ಎಂದರು. ಬರೆಯುತ್ತೇನೆ ಎಂದೆ. "ಬರಿ ಹಾಗಾದ್ರೆ. ಬೇಲಿ ಗಟ್ಟಿ ಇರಲಿಲ್ಲ ಅಂತಲೂ ಬರಿ" ಎಂದರು.

ಯಜಮಾನರ ಹತ್ತಿರ ರಜೆ ಕೇಳಿದೆ. "ವಾಪಸು ಬರ್ತೀಯಾ, ಇಲ್ಲ ಹಡಗಲ್ಲೇ ಉಳ್ಕೋತೀಯಾ?" ಎಂದರು. ಗೊತ್ತಿಲ್ಲ, ಆದರೆ ಬಾರದಿದ್ದರೆ ಬಂದು ಹೇಳುತ್ತೇನೆ ಎಂದೆ. ಅವರು ತಮ್ಮ ಸಣ್ಣ ಸ್ಕ್ರೂಡ್ರೈವರನ್ನು ನನ್ನ ಚೀಲಕ್ಕೆ ಹಾಕಿದರು. ಅದನ್ನು ಯಾರಿಗೂ ಮುಟ್ಟಲು ಬಿಡದವರು.

ನಿಮಗೆ ಹೇಳಬೇಕಾಗಿದ್ದದ್ದು ಇದು. ನನ್ನ ಕಾಗದವನ್ನು ಗಟ್ಟಿಯಾಗಿ ಓದಿ ಎಂದು ಬರೆಯುವುದು ನನಗೆ ಸುಲಭವಾಗಿತ್ತು, ನಾನು ಅಲ್ಲಿ ಇರಲಿಲ್ಲ. ನೀವು ಎಲ್ಲರ ಮುಂದೆ ಎದ್ದು ನಿಂತು ಓದಿದಿರಿ. ನಾನು ಕೊಚ್ಚಿಕೊಳ್ಳುತ್ತಿದ್ದ ಜಂಬಕ್ಕಿಂತ ನೀವು ದೊಡ್ಡವರು. ನನ್ನ ಜಂಬದಲ್ಲಿ ಈಗ ಅದಕ್ಕೇ ಮೊದಲ ಸ್ಥಾನ, ನೀವು ಸಮುದ್ರದ ತಳ ಎತ್ತುವುದಕ್ಕೆ ಎರಡನೆಯದು.

ಕೆಲಸ ಮುಗಿಯಿತು ಎಂದು ಬರೆಯುವುದಿಲ್ಲ. ಗರಗಸ ಬೇರೆ, ನಿಮ್ಮ ಪಂಪು ಬೇರೆ. ನೀವು ಗುಂಡಿ ಒತ್ತಿ, ಊಟದ ಕೋಣೆಯ ದೀಪ ಹೋಗಿ ಬಂದು, ಆ ಹೊತ್ತಿನಲ್ಲಿ ಪರದೆ ಆರದೆ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆ ಹೇಳುತ್ತೇನೆ. ಆರಿದರೆ ಅದನ್ನೂ ಹೇಳುತ್ತೇನೆ, ಮತ್ತೆ ಬಿಚ್ಚುತ್ತೇನೆ.

ಪೆಟ್ಟಿಗೆ ಕಟ್ಟಿಯಾಗಿದೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ಪಾದರಸ